ನಾಲ್ಕರಿಂದ ಶುರು ಮಾಡುವ ನಮ್ಮ ಮಾವ

ನಮ್ಮ ಮಾವನಿಗೆ ಒಂದಾದ ಮೇಲೆ ಎರಡು ಬರುತ್ತದೆ ಎನ್ನುವುದೇ ಗೊತ್ತಿಲ್ಲ ಎಂದು ಶ್ರೀನಿವಾಸಪುರದಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಗೊತ್ತಿದೆ. ಒಪ್ಪುವುದಿಲ್ಲ, ಅಷ್ಟೇ. ಒಪ್ಪಲೇಬೇಕು ಎಂದು ಎಲ್ಲಿ ಬರೆದಿದೆ, ನೀವೇ ಹೇಳಿ?

ಮಾವ ಎಂದರೆ ನನ್ನ ಅಮ್ಮನ ತಮ್ಮ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಈ ತಮ್ಮನನ್ನು ಎತ್ತಿ ಆಡಿಸಿ, ಬೈದು, ಉಣ್ಣಿಸಿ ದೊಡ್ಡವನನ್ನಾಗಿ ಮಾಡಿದ್ದು ಅಮ್ಮನೇ. ಈಗ ಅವರದು ಮಾವಿನ ಮಂಡಿ. ಸೀಸನ್ ಮುಗಿದು ಮಂಡಿಗೆ ಬೀಗ ಬಿದ್ದ ಮೇಲೆ ನಾವೆಲ್ಲ ಅವರ ಮನೆಯಲ್ಲಿ ಸೇರಿ ಒಂದು ತೆಲುಗು ಸಿನಿಮಾ ಸರಣಿಯನ್ನು ದಿನಕ್ಕೊಂದರಂತೆ ನೋಡುವುದು ನಮ್ಮ ಮನೆತನದ ಪದ್ಧತಿ. ಏಳು ಭಾಗ! ಒಬ್ಬ ಪೊಲೀಸ್, ಅವನನ್ನು ಸಾಕಿದ ಅಕ್ಕ, ಜೊತೆಗೆ ಗಾಳಿಯಲ್ಲಿ ಹಾರುವುದಕ್ಕೆಂದೇ ಹುಟ್ಟಿದ ರೌಡಿಗಳು. ಇಷ್ಟು ವರ್ಷ ಎಲ್ಲರಂತೆ ಒಂದರಿಂದ ಏಳರವರೆಗೆ ನೋಡುತ್ತಿದ್ದ ಮಾವ, ಈ ವರ್ಷ ಸೀಸನ್ ನಡೆಯುತ್ತಿರುವಾಗಲೇ ಹೊಸ ಕ್ರಮ ಹೊರಡಿಸಿದರು. ಮೊದಲು ನಾಲ್ಕು, ಆಮೇಲೆ ಐದು, ಆರು, ಏಳು. ಅಲ್ಲಿಂದ ವಾಪಸ್ ಬಂದು ಮೂರು, ಎರಡು, ಕೊನೆಗೆ ಒಂದು!

"ಇದೇನ್ ಮಾವ, ತಲೆಕೆಳಗು?" ಎಂದೆ.

"ಲೇ, ಮಂಡಿಗೆ ಲೋಡು ಬಂದ್ರೆ ಮೇಲಿನ ಕ್ರೇಟ್ ನೋಡಿ ರೇಟ್ ಹೇಳ್ತಾರೇನ್ಲಾ? ಮೇಲೆ ಯಾವಾಗ್ಲೂ ಒಳ್ಳೇ ಕಾಯೇ ಇಟ್ಟಿರ್ತಾರೆ. ನಡುವೆ ಕೈ ಹಾಕ್ಬೇಕು ಕಣೋ. ನಡುವೆ ಚೆನ್ನಾಗಿದ್ರೆ ಲೋಡೆಲ್ಲಾ ಚೆನ್ನಾಗಿದೆ ಅಂತ. ಸಿನಿಮಾನೂ ಅಷ್ಟೇ!"

ಸಿನಿಮಾ ಬೇರೆ, ಮಾವಿನಕಾಯಿ ಬೇರೆ ಎಂದು ವಾದಿಸಲು ಬಾಯಿ ತೆರೆದೆ. ಬಾದಾಮಿ ಮಾವಿನ ಹಣ್ಣಿನ ದೊಡ್ಡ ಹೋಳೊಂದನ್ನು ಆ ಬಾಯಿಗೇ ಇಟ್ಟರು. ಅಷ್ಟು ಸಿಹಿ ಹಣ್ಣು ಬಾಯಲ್ಲಿರುವಾಗ ಯಾರು ತಾನೇ ವಾದ ಮಾಡುತ್ತಾರೆ?

ಈ ಕ್ರಮವನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಒಂದು ಸಂಜೆ ನನ್ನನ್ನು ಕೋಲಾರದ ಬಸ್ಸು ಹತ್ತಿಸಲು ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಪಕ್ಕದಲ್ಲಿ ಯಲ್ದೂರಿನ ಇಬ್ಬರು ಕಾಲೇಜು ಹುಡುಗರು ಅದೇ ಸರಣಿಯ ಮಾತಾಡುತ್ತಿದ್ದರು. "ಫಸ್ಟ್ ಪಾರ್ಟಿಂದ ನೋಡೋ ಮಗಾ, ಆಗ್ಲೇ ಅರ್ಥ ಆಗೋದು" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದೇ ತಡ, ಮಾವ ಗಿರಕ್ಕನೆ ತಿರುಗಿದರು. "ತಪ್ಪು ತಪ್ಪು! ಇಲ್ ಕೇಳ್ರಪ್ಪಾ..." ಅಷ್ಟರಲ್ಲಿ ಯಲ್ದೂರಿನ ಬಸ್ಸು ಬಂತು. ಹುಡುಗರು ಹತ್ತಿದರು. ಅವರ ಹಿಂದೆಯೇ ಮಾವನೂ ಹತ್ತಿದರು! ಕಿಟಕಿಯೊಳಗೆ ಅವರ ಕೈಗಳು ಗಾಳಿಯಲ್ಲೇ ಕ್ರೇಟು ಇಳಿಸುತ್ತಿದ್ದುದು ನನಗೆ ಕಾಣುತ್ತಿತ್ತು. ನನ್ನನ್ನು ಕಳಿಸಲು ಬಂದವರನ್ನು ನಾನೇ ಕೈಬೀಸಿ ಕಳಿಸಿಕೊಟ್ಟೆ.

ರಾತ್ರಿ ಫೋನ್ ಮಾಡಿ ಕೇಳಿದರೆ, "ಒಬ್ಬ ಒಪ್ಪಿದ. ಇನ್ನೊಬ್ಬ ಇಳಿದು ಓಡಿಬಿಟ್ಟ. ಅವನದು ಮೇಲಿನ ಕ್ರೇಟಿನ ಬುದ್ಧಿ" ಎಂದರು.

ಆದರೆ ನಿಜವಾದ ಎದುರಾಳಿ ಮನೆಯಲ್ಲೇ ಇದ್ದ. ಮಾವನ ಮಗಳ ಗಂಡ, ಲಕ್ಕೂರಿನವನು, ಮಾಲೂರು ಕಡೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಬೋಲ್ಟ್ ಹಾಕುವ ಮೊದಲು ನಟ್ ತಿರುಗಿಸಿದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮಂಡಿ ಮುಚ್ಚಿದ ಮೊದಲ ದಿನ ನಾವೆಲ್ಲ ಚಾಪೆ ಹಾಸಿ ಕೂತಾಗ ಅವನು ಎದ್ದು ನಿಂತು ಘೋಷಿಸಿದ: "ಮಾವ, ಈ ಸಲ ಒಂದರಿಂದಾನೇ. ನಿಮ್ಮ ಥರ ನೋಡಿದ್ರೆ ಏಳರಲ್ಲಿ ಮುದುಕ ಆದೋನು ಒಂದರಲ್ಲಿ ಹುಡುಗ ಆಗ್ತಾನೆ. ಸತ್ತೋರೆಲ್ಲ ಎದ್ದು ಬರ್ತಾರೆ!"

"ಬರ್ಲಿ ಬಿಡಿ ಅಳಿಯಂದ್ರೇ, ನಿಮ್ಗೇನ್ ನಷ್ಟ?"

"ಊರೋರು ನಗ್ತಾರೆ ಮಾವ."

"ನಗ್ಲಿ! ತೆಲುಗಲ್ಲೂ ನವ್ವನೀ! ಎರಡು ಭಾಷೇಲೂ ನಗ್ಲಿ!" ಎಂದವರೇ ಮಾವ ರಿಮೋಟನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಟಿವಿಗೆ ಅಡ್ಡ ನಿಂತರು. "ಒಂದರಿಂದ ನೋಡೋದಾದ್ರೆ ನನ್ ಮನೇಲಿ ಬೇಡ. ನೀವೆಲ್ಲ ಒಂದು ಕಡೆ ಆದ್ರೂ ಸರಿ, ನಾನೊಬ್ನೇ ಇನ್ನೊಂದು ಕಡೆ!"

ಇಷ್ಟು ವರ್ಷದ ಪದ್ಧತಿ ಅಲ್ಲಿಗೇ ಮುರಿದುಬೀಳುವ ಹಾಗಿತ್ತು. ಮಾವನ ಮಗಳು ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ಚಾಪೆ ಸುತ್ತತೊಡಗಿದಳು. ಅಳಿಯನೇ ಸ್ವಲ್ಪ ಇಳಿದು ಬಂದ.

"ಆಯ್ತು ಮಾವ. ಒಂದೇ ಒಂದು ಕಾರಣ ಹೇಳಿ. ಮಂಡಿ ಕಥೆ ಮಾತ್ರ ಬೇಡ."

ಮಾವ ಇನ್ನೂ ಹಚ್ಚದ ಟಿವಿಯ ಕಡೆ ಮುಖ ತಿರುಗಿಸಿಕೊಂಡರು.

"ಮೂರನೇದರಲ್ಲಿ ಅಕ್ಕ ಹೋಗ್ಬಿಡ್ತಾಳಪ್ಪ. ನಿಮ್ ಥರ ನೋಡಿದ್ರೆ ಆಮೇಲೆ ಅವಳಿಲ್ದೇ ಇನ್ನೂ ನಾಲ್ಕು ನೋಡ್ಬೇಕು. ನನ್ ಥರ ನೋಡಿದ್ರೆ ಅವಳು ಹೋದ್ಮೇಲೂ ಎರಡು ಉಳಿದಿರ್ತವೆ. ಎರಡರಲ್ಲೂ ಇರ್ತಾಳೆ."

ಅಮ್ಮ ಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅಮ್ಮನನ್ನು ಕಳೆದುಕೊಂಡವನು ನಾನೊಬ್ಬನೇ ಎಂದುಕೊಂಡು ಅಷ್ಟು ತಿಂಗಳು ಓಡಾಡಿದ್ದೆ. ಅಳಿಯ ಮಾವನ ಮುಂದೆ ಕೈ ಚಾಚಿ ರಿಮೋಟ್ ಇಸಿದುಕೊಂಡ. ನಾಲ್ಕನೆಯ ಭಾಗವನ್ನು ತಾನೇ ಹಚ್ಚಿದ.

ಕೊನೆಯ ದಿನ ಒಂದನೆಯ ಭಾಗ ನೋಡಿದೆವು. ಅದರ ಕೊನೆಯಲ್ಲಿ ಪೊಲೀಸ್ ತಮ್ಮ ಕೇಡಿಗಳನ್ನೆಲ್ಲ ಮುಗಿಸಿ ಮನೆಗೆ ಬರುತ್ತಾನೆ. ಒಳಗಿನಿಂದ ಅಕ್ಕ ಕೂಗುತ್ತಾಳೆ, ಕೈ ತೊಳೆದುಕೊಂಡು ಊಟಕ್ಕೆ ಬಾರೋ ಎಂದು.

"ಬಂದೆ ಅಕ್ಕಾ" ಎಂದರು ನಮ್ಮ ಮಾವ, ಗಟ್ಟಿಯಾಗಿ, ಎಲ್ಲರೂ ಕೇಳುವ ಹಾಗೆ.