ದೇವರ ಕಪಾಟಿನ ಪರದೆ

ದೇವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟೆಲ್ಲ ದೇವರ ಕಪಾಟಿನ ಅಳತೆ ಕೊಡುವವರ ಮೇಲೆ. "ಅಗಲ ಮೂರು ಗೇಣು, ಮತ್ತೆ ಒಂಚೂರು" ಎಂದು ಫೋನಿನಲ್ಲಿ ಹೇಳುತ್ತಾರೆ. ಯಾರ ಗೇಣು ಎಂದರೆ "ನಮ್ಮ ಇವರದ್ದು" ಎನ್ನುತ್ತಾರೆ. ಅವರ ಇವರ ಕೈಯನ್ನು ನಾನೆಲ್ಲಿ ನೋಡಿದ್ದೇನೆ? ಕುವೈತಿನ ಯಾವ ಬಕಾಲಾಕ್ಕೆ ಹೋದರೂ ಅಳತೆ ಟೇಪು ಸಿಗುತ್ತದೆ. ಅದೇ ಅಂಗಡಿಯಿಂದ ದಿನವೂ ಖುಬೂಸ್ ರೊಟ್ಟಿ ತರುವ ಈ ಜನ ಟೇಪು ಮಾತ್ರ ತರುವುದಿಲ್ಲ. ಇನ್ನೊಬ್ಬರು ಕಪಾಟಿನ ಫೋಟೋ ಕಳಿಸಿ, ಪಕ್ಕದಲ್ಲಿ ತಮ್ಮ ಮಗುವನ್ನು ನಿಲ್ಲಿಸಿ, "ಇದರ ಮೇಲೆ ಅಂದಾಜು ಮಾಡಿಕೊಳ್ಳಿ" ಎಂದಿದ್ದರು. ಆ ಮಗುವಿನ ಎತ್ತರ ಕೇಳಿದ್ದಕ್ಕೆ ಅವರಿಗೇ ಬೇಸರವಾಯಿತು.

ನಾನು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತಳು. ಅಬು ಹಲೀಫಾದ ನಮ್ಮ ಫ್ಲಾಟಿನಲ್ಲಿ ಮೊದಲು ನಮ್ಮವರ ಮನೆಗಳ ಆಲ್ತಾರಿಗೆ, ಅಂದರೆ ಪ್ರಾರ್ಥನೆಯ ಪೀಠಕ್ಕೆ, ಬಟ್ಟೆ ಹೊಲಿದು ಕೊಡುತ್ತಿದ್ದೆ. ಅದನ್ನು ನೋಡಿ ತುಳು ಮಾತಾಡುವ ಹಿಂದೂ ಮನೆಗಳವರು ದೇವರ ಕಪಾಟಿಗೆ ಪರದೆ ಕೇಳತೊಡಗಿದರು. ಇಲ್ಲಿಯ ಫ್ಲಾಟುಗಳಲ್ಲಿ ದೇವರಿಗೆಂದು ಬೇರೆ ಕೋಣೆ ಎಲ್ಲಿಂದ ಬರಬೇಕು? ಹಾಲಿನ ಮೂಲೆಯಲ್ಲಿ ಕಪಾಟು, ಅದರ ಎದುರಿಗೇ ಊಟದ ಮೇಜು. ಊಟದ ಮೇಜಿನ ಮೇಲೆ ಮೀನು. ನಮ್ಮ ಕರಾವಳಿಯವರಿಗೆ ದೇವರೂ ಬೇಕು, ಮೀನೂ ಬೇಕು. ಎರಡೂ ಒಂದನ್ನೊಂದು ನೋಡಬಾರದು. ನನ್ನ ವ್ಯಾಪಾರ ನಿಂತಿರುವುದು ಇದರ ಮೇಲೆಯೇ.

ಒಂದು ದಿನ ಫೋನಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳ ವೀಡಿಯೊ ನೋಡಿದೆ. ಯೆಹೂದಿಗಳ ಪ್ರಾರ್ಥನಾಮಂದಿರದಲ್ಲಿ ಅವರ ಧರ್ಮಗ್ರಂಥದ ಸುರುಳಿಗಳನ್ನು ಇಡುವ ಕಪಾಟು ಇರುತ್ತದಂತೆ, ಅದರ ಮುಂದೆ ಪರದೆ. ಅಂಥ ಪರದೆಗಳನ್ನು ರೂಪಿಸುವುದೇ ಆಕೆಯ ಉದ್ಯೋಗ. ಆಕೆ ಮೊದಲು ಹೋಗಿ ಮಂದಿರದಲ್ಲಿ ಸುಮ್ಮನೆ ಕೂರುತ್ತಾಳೆ. ಬೆಳಕು ಯಾವ ಕಿಟಕಿಯಿಂದ ಬೀಳುತ್ತದೆ ಎಂದು ನೋಡುತ್ತಾಳೆ. ಅಲ್ಲಿಯ ಜನ ಆಕೆಯ ಮಾತನ್ನು ಬಾಯಿ ಮುಚ್ಚಿ ಕೇಳುತ್ತಾರೆ. ನನಗೆ ಹೊಟ್ಟೆ ಉರಿಯಿತು. ನನ್ನ ಗಿರಾಕಿಗಳು ಎಲ್ಲಿಂದಲೋ ಬಂದ ಫೋಟೋ ಒಂದನ್ನು ನನಗೆ ದಾಟಿಸಿ, "ಇದೇ ಥರ ಬೇಕು, ಆದರೆ ಈ ಬಣ್ಣ ಬೇಡ, ಈ ನವಿಲು ಬೇಡ, ಈ ಅಂಚು ಬೇಡ" ಎನ್ನುತ್ತಾರೆ. ಬೇಡದ್ದೆಲ್ಲ ಹೋದ ಮೇಲೆ ಉಳಿಯುವುದು ಬರೀ ಬಟ್ಟೆ. ನನಗೂ ತಲೆ ಇದೆ, ನನಗೂ ಒಂದು ವಿನ್ಯಾಸ ಹೊಳೆಯಬಹುದು ಎಂದು ಇವರಲ್ಲಿ ಒಬ್ಬರಿಗೂ ಅನಿಸಿದ್ದಿಲ್ಲ.

ಹಾಗಾಗಿ ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ವಿನಯಾ, "ಲೀನಕ್ಕ, ಅತ್ತೆ ಉಡುಪಿಯಿಂದ ಬಂದಿದ್ದಾರೆ. ಮನೆಯಲ್ಲಿ ಪೂಜೆ ಉಂಟು. ಪರದೆ ನಿಮ್ಗೆ ಹೇಗೆ ಚಂದ ಕಾಣ್ತದೋ ಹಾಗೆ ಮಾಡಿ ಮಾರ್ರೆ, ನಂಗೆ ಇದೆಲ್ಲ ಗೊತ್ತಾಗುದಿಲ್ಲ" ಎಂದಾಗ ನನಗೆ ಕಣ್ಣಲ್ಲಿ ನೀರೇ ಬಂತು. ಒಂದು ತಿಂಗಳು ಹಗಲೆಲ್ಲ ಅದರ ಮುಂದೆ ಕೂತೆ. ಕಡುಹಸಿರು ರೇಷ್ಮೆ, ಅದರ ಮೇಲೆ ಮೇಲಿನಿಂದ ಇಳಿದು ಬರುವ ಮಲ್ಲಿಗೆಯ ಮಾಲೆಗಳು. ಒಂದೊಂದು ಮೊಗ್ಗೂ ಕೈಕಸೂತಿ. ಪೂಜೆಗೆ ಹತ್ತು ಹನ್ನೆರಡು ಮನೆಯವರು ಬರುವವರಿದ್ದರು. ಅವರೆಲ್ಲ ಒಮ್ಮೆ ಇದನ್ನು ನೋಡಿದರೆ ಸಾಕು, ಇನ್ನು ಮುಂದೆ ನನಗೆ ಯಾರೂ ಫೋಟೋ ಕಳಿಸುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಶುಕ್ರವಾರ ಪೂಜೆಗೆ, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು ಹೋದೆ. ದೇವರು ಕಂಡರು, ದೀಪ ಕಂಡಿತು, ಹಣ್ಣಿನ ತಟ್ಟೆ ಕಂಡಿತು. ಪರದೆ ಕಾಣಲಿಲ್ಲ. ಕತ್ತೆತ್ತಿ ನೋಡಿದರೆ, ಅದನ್ನು ಚಾಪೆಯ ಹಾಗೆ ಸುರುಟಿ, ಮೇಲೆ ಪರದೆಯ ತಂತಿಗೆ ಒತ್ತಿ, ಎರಡು ಕಡೆ ದಾರದಿಂದ ಬಿಗಿದು ಕಟ್ಟಿದ್ದರು.

ವಿನಯಾಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಇದೆಂತ ವಿನಯಾ?"

"ಪೂಜೆ ಹೊತ್ತಿಗೆ ಪರದೆ ಮುಚ್ಚುದುಂಟಾ ಅಕ್ಕ? ದೇವರು ಕಾಣ್ಬೇಡ್ವಾ?"

"ತೆರೀರಿ ಮಾರಾಯ್ತಿ, ಯಾರು ಬೇಡ ಅಂದದ್ದು? ಬದಿಗೆ ಸರಿಸಿದ್ರೆ ಅರ್ಧ ಹೂವಾದ್ರೂ ಕಾಣ್ತಿತ್ತು. ಹೀಗೆ ಸುರುಟಿ ಕಟ್ಟುದಾ?"

"ಅತ್ತೆ ಕಟ್ಟಿದ್ದು ಅಕ್ಕ. ನಾನೆಂತ ಹೇಳುದು ಅವರಿಗೆ?"

ಅತ್ತೆ ಹಾಲಿನಲ್ಲಿ ಕೂತು ನಗುನಗುತ್ತಾ ಎಲ್ಲರಿಗೂ ಪ್ರಸಾದ ಹಂಚುತ್ತಿದ್ದರು. ನನಗೂ ಕೊಟ್ಟರು. ನಾನು ತಿಂದು ಹೊರಟೆ. ದಾರಿಯುದ್ದಕ್ಕೂ ಟ್ಯಾಕ್ಸಿಯಲ್ಲಿ ಆ ಮುದುಕಿಯನ್ನು ಬೈದೆ. ಕಲೆ ಗೊತ್ತಿಲ್ಲದವಳು, ಸೊಸೆಯ ಮೇಲೆ ದರ್ಬಾರು ನಡೆಸುವವಳು, ಮಲ್ಲಿಗೆಯ ಊರಿನಿಂದ ಬಂದೂ ಮಲ್ಲಿಗೆ ಬೇಡವಾದವಳು. ಮನೆಯಲ್ಲಿ ನಮ್ಮವರು "ಖಲಾಸ್ ಲೀನಾ, ಬಿಟ್ಟು ಬಿಡು" ಎಂದದ್ದಕ್ಕೆ ಅವರಿಗೂ ಒಂದಷ್ಟು ಬಿತ್ತು.

ಆದರೆ ಬಿಡುವವಳು ನಾನಲ್ಲ. ನನ್ನ ಪರದೆ ಬಿಚ್ಚಿಕೊಳ್ಳುವುದು ಮೀನಿನ ಮುಂದೆ ಮಾತ್ರ ತಾನೇ? ಮರುದಿನವೇ ಫಹಾಹೀಲಿನ ಮಾರುಕಟ್ಟೆಯಿಂದ ಒಳ್ಳೆಯ ಅಂಜಲ್ ಮೀನು ತಂದು, ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕಾಯಿಸಿ, ಡಬ್ಬಿಯಲ್ಲಿ ತುಂಬಿಕೊಂಡು ಮಧ್ಯಾಹ್ನ ವಿನಯಾಳ ಮನೆಯ ಗಂಟೆ ಒತ್ತಿದೆ. ಡಬ್ಬಿ ನೋಡಿದವರು ಪಟಪಟ ಮೇಜಿನ ಮೇಲೆ ತಟ್ಟೆ ಇಟ್ಟರು. ವಿನಯಾ ಓಡಿ ಹೋಗಿ ದಾರ ಬಿಚ್ಚಿದಳು. ಪರದೆ ಇಳಿಯಿತು. ಎಷ್ಟು ಚಂದವಿತ್ತು ಎಂದು ನಾನೇ ಹೇಳಬಾರದು, ಆದರೂ ಹೇಳುತ್ತೇನೆ: ಬಹಳ ಚಂದವಿತ್ತು.

"ಈಗ ನೋಡಿ" ಎಂದು ಅತ್ತೆಯ ಮುಂದೆ ಅದರ ಅಂಚು ಹಿಡಿದು ಎತ್ತಿದೆ. ಹಿಡಿದ ಕೈ ಹಾಗೇ ನಿಂತುಹೋಯಿತು. ಕೆಳಗಿನ ಮೂಲೆಯಲ್ಲಿ, ಕೊನೆಯ ಮಲ್ಲಿಗೆ ಇರಬೇಕಾದ ಕಡೆ, ಬಿಳಿ ದಾರದಲ್ಲಿ ಒಂದು ಪುಟ್ಟ ಶಿಲುಬೆ. ಇನ್ನೊಂದು ಮೂಲೆ ನೋಡಿದೆ. ಅಲ್ಲೂ ಒಂದು. ಆಲ್ತಾರಿನ ಬಟ್ಟೆಗೆ ಮೂಲೆಗಳಲ್ಲಿ ಶಿಲುಬೆ ಹಾಕಿಯೇ ಕೆಲಸ ಮುಗಿಸುವುದು. ಎಷ್ಟೋ ವರ್ಷಗಳಿಂದ ಕೈಗೆ ಅಂಟಿದ ರೂಢಿ. ಆ ಕೊನೆಯ ಮೂಲೆಗಳನ್ನು ಹೊಲಿಯುವಾಗ ನಾನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮೂರು ಗೇಣಿನ ಗಿರಾಕಿಯ ಜೊತೆ ಜಗಳವಾಡುತ್ತಿದ್ದೆ. ಬಾಯಿ ಜಗಳದಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಮುಗಿಸಿಬಿಟ್ಟಿತ್ತು.

ಅತ್ತೆ ಮೆಲ್ಲಗೆ ಹೇಳಿದರು: "ಲೀನಾ ಬಾಯಿ, ನಾನು ನಿನ್ನೆ ಬೆಳಿಗ್ಗೆಯೇ ನೋಡಿದೆ. ದೇವರಿಗೆ ಅದ್ರಿಂದ ಎಂತ ಬೇಜಾರೂ ಇಲ್ಲ. ಬಂದವರ ಬಾಯಿ ಸುಮ್ನೆ ಇರ್ತದಾ? ಒಂದು ತಿಂಗಳು ಕೂತು ಹೊಲಿದದ್ದು ಬಿಟ್ಟು ಅದನ್ನೇ ಹೇಳಿಕೊಂಡು ತಿರುಗ್ತಾರೆ. ಅದಕ್ಕೇ ಸುರುಟಿ ಕಟ್ಟಿದ್ದು. ವಿನಯಾಗೂ ಹೇಳ್ಲಿಲ್ಲ."

ನಾನು ಚೀಲದಲ್ಲಿ ಕತ್ತರಿ ಹುಡುಕತೊಡಗಿದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಅದನ್ನು ಆಮೇಲೆ ಬಿಚ್ಚುವ, ಮೀನು ತಣೀತದೆ, ಕೂತ್ಕೊಳ್ಳಿ" ಎಂದು ಅವರೇ ನನ್ನ ತಟ್ಟೆಗೆ ಅನ್ನ ಬಡಿಸಿದರು.

ಆ ಎರಡು ಮೂಲೆಗಳಲ್ಲಿ ಈಗ ಮಲ್ಲಿಗೆ ಅರಳಿದೆ. ಸಿಟ್ಟು ಬಂದಾಗ ಸೂಜಿ ಮುಟ್ಟಬಾರದು ಎಂದು ಅವತ್ತೇ ಗಟ್ಟಿ ನಿರ್ಧಾರ ಮಾಡಿದೆ, ಅದನ್ನು ಪಾಲಿಸುತ್ತಲೂ ಇದ್ದೇನೆ. ಪರದೆ ಯಾವಾಗ ಕೊಡುತ್ತೀರಿ ಎಂದು ಗಿರಾಕಿಗಳು ದಿನವೂ ಫೋನು ಮಾಡುತ್ತಾರೆ. ಫೋನು ಇಟ್ಟ ಮೇಲೆ ಆ ದಿನವಿಡೀ ನಾನು ಸೂಜಿ ಮುಟ್ಟುವ ಹಾಗಿರುವುದಿಲ್ಲ.