ನಮ್ಮ ತಾರಸಿಯ ಯುವ ಕೃಷಿಕರು

ಕೆಲವರಿಗೆ ಹುಟ್ಟಿನಿಂದಲೇ ಮಾತು ಒಲಿದಿರುತ್ತದೆ, ಕೆಲವರಿಗೆ ಮೌನ. ನನಗೆ ಒಲಿದದ್ದು ಕನಸು. ರಾತ್ರಿ ಬೀಳುವ ಕನಸಿನ ಮಾತಲ್ಲ, ಅದು ಎಲ್ಲರಿಗೂ ಬೀಳುತ್ತದೆ. ನನ್ನದು ಹಾಡಹಗಲಿನದು. ಕಚೇರಿಯ ಸಭೆಯಲ್ಲಿ ಮೇಲಧಿಕಾರಿಗಳು ಮಾತಿಗೆ ಶುರುಮಾಡಿದರೆ ಸಾಕು, ನಾನು ಕಣ್ಣು ತೆರೆದುಕೊಂಡೇ ಎಲ್ಲೋ ಹೋಗಿಬಿಡುತ್ತೇನೆ. ತಲೆಯಾಡಿಸುವುದನ್ನು ಮಾತ್ರ ಬಿಡುವುದಿಲ್ಲ. ಹೀಗಾಗಿ ‘ಗಮನವಿಟ್ಟು ಕೇಳುವ ಮನುಷ್ಯ’ ಎಂದು ನನಗೊಂದು ಹೆಸರಿದೆ. ನನ್ನ ಹೆಂಡತಿ ಗಿರಿಜೆಗೆ ಮಾತ್ರ ಗುಟ್ಟು ಗೊತ್ತು. ಮಾತಿನ ಮಧ್ಯೆ ತಟಕ್ಕನೆ ನಿಲ್ಲಿಸಿ, “ಈಗ ನಾನೇನಂದೆ ಹೇಳಿ?” ಎಂದು ಕೇಳುವ ಅಭ್ಯಾಸ ಅವಳಿಗೆ.

ಮಲ್ಲೇಶ್ವರದಲ್ಲಿ ನಮ್ಮದು ಹಳೇ ಮನೆ. ನನ್ನ ತಾತನಿಗೆ ಇಲ್ಲೇ ಆಸುಪಾಸಿನಲ್ಲಿ ಸೊಪ್ಪಿನ ತೋಟವಿತ್ತಂತೆ. ಅಪ್ಪ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದರು. ನಾನು ಸರ್ಕಾರಿ ಮೇಜಿನ ಮುಂದೆ ಕೂತೆ. ಮಣ್ಣಿನಿಂದ ಮೇಜಿಗೆ ಬರಲು ನಮಗೆ ಮೂರೇ ತಲೆಮಾರು ಸಾಕಾಯಿತು. ಸಂಜೆ ಸಂಪಿಗೆ ರಸ್ತೆಯಲ್ಲಿ ನಡೆಯುವಾಗ ಒಮ್ಮೊಮ್ಮೆ, ಈ ಡಾಂಬರಿನ ಕೆಳಗೆ ತಾತನ ಕೊತ್ತಂಬರಿ ಮಡಿಗಳು ಇನ್ನೂ ಹಾಗೇ ಇರಬಹುದು, ಯಾರೋ ಈಗಷ್ಟೇ ನೀರು ಕಟ್ಟಿ ಹೋಗಿರಬಹುದು ಅನ್ನಿಸುತ್ತದೆ. ಹಾಗೆ ಅನ್ನಿಸುತ್ತಿರುವಾಗಲೇ ಹಿಂದಿನಿಂದ ಸ್ಕೂಟರ್ ಸವಾರನೊಬ್ಬ, “ಏನ್ ಸಾರ್, ರೋಡ್ ಮಧ್ಯದಲ್ಲಿ ನಿದ್ದೆನಾ?” ಎಂದು ಕೂಗಿ ಹೋಗುತ್ತಾನೆ.

ನಮ್ಮ ಒಬ್ಬಳೇ ಮಗಳು ಸಿಂಚನ. ಯಾರಾದರೂ ನೆಂಟರು ಬಂದರೆ ಬಾಗಿಲ ಹಿಂದೆ ಸೇರಿಕೊಳ್ಳುತ್ತಿದ್ದ ಹುಡುಗಿ. ಪಿ.ಯು.ಸಿ. ಮುಗಿಯುವವರೆಗೂ ಅವಳ ಧ್ವನಿ ಪಕ್ಕದ ಮನೆಯವರಿಗೆ ತಿಳಿದಿರಲಿಲ್ಲ. ಅಂಥವಳು ಕೃಷಿ ಪದವಿಗೆ ಸೇರುತ್ತೇನೆ ಎಂದಾಗ, ಗಿಡಗಳು ಮಾತಾಡಿಸುವುದಿಲ್ಲವಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು. ಆದರೆ ಎರಡನೇ ವರ್ಷದಲ್ಲಿ ಗೆಳತಿಯೊಬ್ಬಳು ಅವಳನ್ನು ಎಳೆದುಕೊಂಡು ಹೋಗಿ ಯುವ ಕೃಷಿಕರ ಕೂಟಕ್ಕೆ ಸೇರಿಸಿದಳು. ಕೃಷಿ ಓದುವ ಹುಡುಗರು, ಹಳ್ಳಿಯಲ್ಲಿ ಬೇಸಾಯ ಮಾಡುತ್ತಿರುವ ಹುಡುಗರು ಒಟ್ಟಾಗಿ ಕಟ್ಟಿಕೊಂಡ ಸಂಘ ಅದು. ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಅದರ ಕೆಲಸ ಎಂದು ನಾನು ತಿಳಿದಿದ್ದೆ. ಅಲ್ಲಂತೆ. ಅಲ್ಲಿ ಪ್ರತಿಯೊಬ್ಬರೂ ಸರದಿಯ ಮೇಲೆ ಸಭೆ ನಡೆಸಬೇಕು, ಭಾಷಣ ಮಾಡಬೇಕು, ಗೊತ್ತಿಲ್ಲದ ರೈತರಿಗೆ ಫೋನ್ ಮಾಡಿ ವಿಚಾರಿಸಬೇಕು, ಕೆಲಸದ ಸಂದರ್ಶನಕ್ಕೆ ತಯಾರಾಗಬೇಕು.

ಇದಕ್ಕೆಲ್ಲ ಅವರಿಗೊಂದು ಜಾಗ ಬೇಕಿತ್ತು, ಒಬ್ಬ ಕೇಳುಗ ಬೇಕಿತ್ತು. ಜಾಗಕ್ಕೆ ನಮ್ಮ ತಾರಸಿ ಸಿಕ್ಕಿತು. ಕೇಳುಗನಾಗಿ ಅದೇ ತಾರಸಿಯ ಬೆತ್ತದ ಕುರ್ಚಿಯಲ್ಲಿ ನಾನು ಸಿಕ್ಕಿದೆ.

ಶನಿವಾರ ಸಂಜೆ ಬಂತೆಂದರೆ ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಆಕಾಶ ಕೆಂಪಾಗುತ್ತಿರುತ್ತಿತ್ತು, ಯಾವುದೋ ಗುಡಿಯ ಗಂಟೆ, ಯಾರದೋ ಮನೆಯ ಒಗ್ಗರಣೆಯ ಘಮ. ಇಂಥ ಹೊತ್ತಿನಲ್ಲಿ ಎದುರಿಗೊಬ್ಬ ನಿಂತು ಮಣ್ಣಿನ ತೇವಾಂಶದ ಮೇಲೆ ಮಾತಾಡಿದರೆ ನನ್ನಂಥವನ ಗತಿ ಏನು? ಮೊದಲ ವಾಕ್ಯಕ್ಕೇ ನಾನು ತಾತನ ತೋಟದಲ್ಲಿರುತ್ತಿದ್ದೆ. ಗಿರಿಜೆಯ ಮಗಳಲ್ಲವೇ, ಸಿಂಚನ ಇದನ್ನು ಬೇಗ ಕಂಡುಹಿಡಿದಳು. ತಾಯಿಯಂತೆ ನನ್ನನ್ನು ಗದರಲಿಲ್ಲ. ಗೆಳೆಯರ ಕಡೆ ತಿರುಗಿ, “ಅಪ್ಪನ್ನ ಎಚ್ಚರವಾಗಿಟ್ಕೊಂಡ್ರೆ ಯಾವ ಸಭೇಲಿ ಬೇಕಾದ್ರೂ ಮಾತಾಡ್ಬಹುದು” ಎಂದಳು. ಅಂದಿನಿಂದ ನಾನು ಅವರ ತಕ್ಕಡಿಯಾದೆ. ಅಂಕಲ್ ಕಣ್ಣು ಎಲ್ಲೋ ತೇಲಿತೆಂದರೆ ಭಾಷಣಗಾರ ಅಲ್ಲಿಗೇ ನಿಲ್ಲಿಸಿ, ಆ ಭಾಗವನ್ನು ಬದಲಾಯಿಸಿ ಮತ್ತೆ ಶುರುಮಾಡುತ್ತಿದ್ದ.

ಒಮ್ಮೆ ನನ್ನನ್ನು ಬೀಜದ ಕಂಪನಿಯ ಮಾಲೀಕನನ್ನಾಗಿ ಕೂರಿಸಿದರು. ಎದುರಿಗೆ ಸಂದರ್ಶನಕ್ಕೆ ಬಂದವನು ಮಂಜು, ದೊಡ್ಡಬಳ್ಳಾಪುರದ ಕಡೆಯ ಹುಡುಗ. ನಾನು ಗತ್ತಿನಿಂದ, “ನಿಮಗೆ ಈ ಕೆಲಸ ಯಾಕೆ ಬೇಕು?” ಎಂದೆ.

“ಕೆಲ್ಸ ಇಲ್ಲ ಸರ್, ಅದಕ್ಕೆ” ಎಂದ ಮಂಜು.

ಇದಕ್ಕಿಂತ ಸರಿಯಾದ ಉತ್ತರ ನನಗಂತೂ ಹೊಳೆಯಲಿಲ್ಲ. ಆದರೆ ಸಿಂಚನ ತಡೆದಳು. “ಮಂಜು, ನಿಮ್ಮೂರಲ್ಲಿ ಟೊಮ್ಯಾಟೊಗೆ ರೋಗ ಬಂದಾಗ ನೀನೇನ್ ಮಾಡ್ದೆ? ಅದನ್ನ ಹೇಳು.”

ಮಂಜು ಹೇಳತೊಡಗಿದ. ಎಲೆ ಮುರುಟುವುದನ್ನು ಮೊದಲು ಕಂಡದ್ದು, ಒಂದು ಕೊಂಬೆ ಕಿತ್ತುಕೊಂಡು ಬಸ್ಸು ಹತ್ತಿ ಕಾಲೇಜಿನ ಮೇಷ್ಟ್ರ ಹತ್ತಿರ ಓಡಿದ್ದು, ಮಾತು ಬಿಟ್ಟಿದ್ದ ಅಕ್ಕಪಕ್ಕದ ಹೊಲದ ದಾಯಾದಿಗಳನ್ನು ಒಂದೇ ಜಗಲಿಯ ಮೇಲೆ ಕೂರಿಸಿ, ಎಲ್ಲರೂ ಒಟ್ಟಿಗೆ ರೋಗದ ಗಿಡ ಕೀಳದಿದ್ದರೆ ಯಾರ ಹೊಲವೂ ಉಳಿಯದು ಎಂದು ಒಪ್ಪಿಸಿದ್ದು. ನಾನು ಕುರ್ಚಿಯ ತುದಿಗೆ ಬಂದಿದ್ದೆ. “ಆಮೇಲೆ? ದಾಯಾದಿಗಳು ಮಾತಾಡಿದ್ರಾ?” ಎಂದು ಕೇಳಿದೆ. “ಆಡಿದ್ರು ಸರ್, ಈಗ್ಲೂ ಆಡ್ತಾರೆ” ಎಂದ. “ನಾಳೆಯಿಂದಲೇ ಬಂದ್ಬಿಡಿ” ಎಂದು ಕೆಲಸ ಕೊಟ್ಟುಬಿಟ್ಟೆ. ಕಾಫಿ ಹಿಡಿದು ಮೇಲೆ ಬಂದಿದ್ದ ಗಿರಿಜೆ, “ಇಲ್ದಿರೋ ಕಂಪ್ನಿ, ಯಾರಿಗ್ ಬೇಕಾದ್ರೂ ಕೆಲ್ಸ ಕೊಡ್ತಾರೆ” ಎಂದಳು. ಆದರೆ ಮಂಜುವಿಗೆ ತಾನು ಮಾಡಿದ್ದು ಹೇಳಿಕೊಳ್ಳಬಹುದಾದ ಕೆಲಸ ಎಂದು ಅವತ್ತೇ ಗೊತ್ತಾಗಿದ್ದು. ಮುಂದೆ ನಿಜವಾದ ಸಂದರ್ಶನದಲ್ಲಿ ಅದನ್ನೇ ಹೇಳಿ ರೈತರೇ ಸೇರಿ ಕಟ್ಟಿದ ಕಂಪನಿಯೊಂದರಲ್ಲಿ ಕೆಲಸ ಹಿಡಿದ.

ವರ್ಷ ತಿರುಗುವಷ್ಟರಲ್ಲಿ ಸಿಂಚನ ಕೂಟದ ಅಧ್ಯಕ್ಷೆಯಾದಳು. ಅವಳ ಮೊದಲ ದೊಡ್ಡ ಕೆಲಸ, ಮಂಜುವಿನ ಊರಿನ ರೈತರನ್ನು ಕರೆಸಿ ಮಲ್ಲೇಶ್ವರದಲ್ಲೇ ಒಂದು ಭಾನುವಾರದ ಸಂತೆ ಮಾಡುವುದು. ಹತ್ತಿರದ ಒಂದು ಮೈದಾನ ಗೊತ್ತಾಯಿತು. ವಾಟ್ಸಾಪಿನಲ್ಲಿ ಬಡಾವಣೆಗೆಲ್ಲ ಸುದ್ದಿ ಹೋಯಿತು. ಭಾನುವಾರ ಬೆಳಗ್ಗೆ ನಾವಿನ್ನೂ ಮುಖ ತೊಳೆಯುತ್ತಿದ್ದಾಗ ಫೋನ್ ಬಂತು. ನೀರಿನ ಪೈಪು ಒಡೆದು ಮೈದಾನವೆಲ್ಲ ಕೆಸರು, ಕಾಲಿಡುವ ಹಾಗಿಲ್ಲ. ಅತ್ತ ರೈತರ ಟೆಂಪೋಗಳು ಸೊಪ್ಪು ತರಕಾರಿ ತುಂಬಿಕೊಂಡು ಹೊರಟಾಗಿತ್ತು.

ಸಿಂಚನ ಹೊಸ್ತಿಲ ಮೇಲೆ ಕೂತುಬಿಟ್ಟಳು. ಬಾ ಮಗಳೇ, ಬಾಗಿಲ ಹಿಂದೆ ಬಚ್ಚಿಟ್ಟುಕೋ, ಬಂದವರಿಗೆ ನಾನೇ ಏನಾದರೂ ಹೇಳುತ್ತೇನೆ ಅನ್ನಬೇಕೆನಿಸಿತು. ಅಷ್ಟರಲ್ಲಿ ಅವಳು ಎದ್ದಳು. ರೈತರ ಜೊತೆ ಬರುತ್ತಿದ್ದ ಮಂಜುವಿಗೆ ಫೋನ್ ಮಾಡಿ, “ಟೆಂಪೋಗಳನ್ನ ಹೆಬ್ಬಾಳದ ಹತ್ರ ನಿಲ್ಸು, ಎಲ್ಲರಿಗೂ ಟೀ ಕುಡ್ಸು, ನಾನು ಹೇಳೋವರ್ಗೂ ಹೊರಡ್ಬೇಡಿ” ಎಂದಳು. ಗೆಳತಿಗೆ, “ಜಾಗ ಬದಲಾಗಿದೆ, ಎಲ್ಲಿ ಅಂತ ಈಗ ಹೇಳ್ತೀವಿ ಅಂತ ಗ್ರೂಪಿಗೆ ಹಾಕು” ಎಂದಳು. ನನ್ನ ಕಡೆ ತಿರುಗಿ, “ಅಪ್ಪ, ಶರ್ಟ್ ಹಾಕ್ಕೋ. ಶಿವರುದ್ರಪ್ಪ ತಾತನ ಮನೆಗೆ ಹೋಗೋಣ. ನೀನು ಸುಮ್ನೆ ಪಕ್ಕದಲ್ಲಿ ನಿಂತ್ಕೋ ಸಾಕು” ಎಂದಳು.

ಸುಮ್ಮನೆ ನಿಲ್ಲುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಶಿವರುದ್ರಪ್ಪನವರ ಮುಂದೆ ಅದೂ ಕಷ್ಟ. ಪೇಟೆಯಲ್ಲಿ ತಲೆತಲಾಂತರದ ಬಟ್ಟೆ ವ್ಯಾಪಾರ ಅವರದು. ಈಗ ಅಂಗಡಿ ಮಕ್ಕಳಿಗೆ ಬಿಟ್ಟು, ಹಣೆ ತುಂಬ ವಿಭೂತಿ ಧರಿಸಿ ಮನೆಯ ಮುಂದಿನ ಹುಲ್ಲನ್ನು ಕಾಯುತ್ತಾರೆ. ನಮ್ಮ ರಸ್ತೆಯಲ್ಲಿ ಅಷ್ಟು ದೊಡ್ಡ ಕಾಂಪೌಂಡು ಉಳಿದಿರುವುದು ಅವರದೊಂದೇ. ಅದರೊಳಗೆ ಬಿದ್ದ ಕ್ರಿಕೆಟ್ ಚೆಂಡು ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ.

ಸಿಂಚನ ಆದದ್ದನ್ನು ಆದ ಹಾಗೆ ಹೇಳಿದಳು. ಗೋಗರೆಯಲಿಲ್ಲ, ಹೊಗಳಲಿಲ್ಲ. “ಮಧ್ಯಾಹ್ನದವರೆಗೆ ನಿಮ್ಮ ಕಾಂಪೌಂಡ್ ಬೇಕು ತಾತ” ಎಂದಳು.

ಅವರು ಹುಲ್ಲನ್ನು ನೋಡಿದರು, ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. “ಏನಮ್ಮಾ, ಜನ ಎಲ್ಲ ತುಳಿದ್ರೆ ನನ್ನ ಹುಲ್ಲು ಹಾಳಾಗಲ್ವಾ?”

ಆಗೋದಿಲ್ಲ ಎಂದು ನಾನಾಗಿದ್ದರೆ ಹೇಳುತ್ತಿದ್ದೆ. ಅವಳು, “ಆಗುತ್ತೆ ತಾತ. ಸರಿ ಮಾಡಿಕೊಡೋ ಜವಾಬ್ದಾರಿ ನಮ್ದು. ನಾವು ಓದ್ತಿರೋದೇ ಅದನ್ನ” ಎಂದಳು.

ಮುದುಕರು ಇನ್ನೊಮ್ಮೆ ಹುಲ್ಲಿನ ಮೇಲೆ ಕಣ್ಣು ಹಾಯಿಸಿದರು. ಆಮೇಲೆ, “ಆ ಮೂಲೇಲಿ ದಾಸವಾಳ ಇದೆ, ಅದರ ಹತ್ರ ಯಾರೂ ಹೋಗ್ಬಾರ್ದು” ಎಂದು ತಾವೇ ಹೋಗಿ ದೊಡ್ಡ ಗೇಟು ತೆರೆದರು. ಅದು ಎಷ್ಟು ಕಿರುಗುಟ್ಟಿತೆಂದರೆ ಎದುರುಮನೆಯವರು ಹೊರಗೆ ಬಂದು ನೋಡಿದರು.

ಹೊಸ ಜಾಗದ ಸುದ್ದಿ ಗ್ರೂಪಿಗೆ ಹೋಯಿತು, ಟೆಂಪೋಗಳು ಬಂದವು, ಸಂತೆ ನೆರೆಯಿತು. ಹುಲ್ಲಿನ ಮೇಲೆ ಹಾಸಿದ ಗೋಣಿಚೀಲಗಳ ಮೇಲೆ ಬದನೆ, ಹೀರೆ, ನುಗ್ಗೆ, ಇಬ್ಬನಿ ಆರದ ಸೊಪ್ಪಿನ ಕಟ್ಟುಗಳು. ಶಿವರುದ್ರಪ್ಪನವರು ದಾಸವಾಳದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಆಮೇಲೆ ಅವರಿಂದ ತಡೆಯಲಾಗಲಿಲ್ಲ, ಎದ್ದು ಬಂದು ಗಿರಾಕಿಗಳನ್ನು ಹೇಗೆ ಮಾತಾಡಿಸಬೇಕೆಂದು ರೈತರಿಗೆ ಹೇಳಿಕೊಡತೊಡಗಿದರು. ಒಬ್ಬ ರೈತ ತಿಂಡಿಗೆ ಎದ್ದಾಗ ಕೂಟದ ಹುಡುಗರು ಅವನ ಸೊಪ್ಪಿನ ಮುಂದೆ ನನ್ನನ್ನು ಕೂರಿಸಿದರು. ಆ ಹಸಿ ಮಣ್ಣಿನ ವಾಸನೆಗೆ ನನಗೆ ಒಂಥರಾ ಮಂಪರು. ಇಲ್ಲೇ, ಬಹುಶಃ ಇದೇ ಜಾಗದಲ್ಲೇ, ತಾತ ಕಟ್ಟು ಕಟ್ಟುತ್ತಾ ಕೂತಿದ್ದನೇನೋ ಎನ್ನಿಸಿ ಕೈ ತಾನಾಗಿ ಎಲೆಗಳನ್ನು ಸವರುತ್ತಿತ್ತು. ಒಬ್ಬ ಹೆಂಗಸು ಬಂದು, “ಇದು ದಂಟಾ, ಹರಿವೆನಾ?” ಎಂದು ಕೇಳಿದರು. ನಾನು ಮುಗುಳುನಕ್ಕು, “ನಿಮಗೆ ಯಾವುದು ಬೇಕೋ ಅದೇ” ಎಂದೆ. ಆಕೆ ಎರಡು ಹೆಜ್ಜೆ ಹಿಂದೆ ಸರಿದು, ಬೇರೆ ಕಡೆ ಹೋದರು.

ಸಂಜೆ ತಾರಸಿಯ ಮೇಲೆ ಕೂಟ ಸೇರಿತು. ಏನು ಚೆನ್ನಾಯಿತು, ಎಲ್ಲಿ ಎಡವಿದೆವು ಎಂದು ಒಬ್ಬೊಬ್ಬರ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತಾಡುವುದು ಅವರ ಪದ್ಧತಿ. ಎಲ್ಲರ ಸರದಿ ಮುಗಿದ ಮೇಲೆ ಸಿಂಚನ ನನ್ನ ಕಡೆ ತಿರುಗಿ, “ಅಪ್ಪ, ನೀವು...” ಎಂದು ಶುರುಮಾಡಿದಳು. ಮನೆಯಲ್ಲಿ ಏಕವಚನದವಳು ಬಹುವಚನಕ್ಕೆ ಏರಿದಾಗಲೇ ನನಗೆ ದಿಗಿಲಾಯಿತು. “ಮಗಳಾಗಿ ಹೇಳ್ತಿಲ್ಲ, ಅಧ್ಯಕ್ಷೆಯಾಗಿ ಹೇಳ್ತಿದೀನಿ. ನಿಮ್ಮ ಮನಸ್ಸು ಒಳ್ಳೇದು. ಆದ್ರೆ ತರಬೇತಿ ಬೇಕು.” ಎಲ್ಲರೂ ಕೈ ಎತ್ತಿ ಒಪ್ಪಿದರು. ಗಿರಿಜೆ ಕೂಟದ ಸದಸ್ಯೆಯಲ್ಲ, ಆದರೂ ಎರಡೂ ಕೈ ಎತ್ತಿದಳು.

ಹೀಗೆ ಮುಂದಿನ ಭಾನುವಾರ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಮೊದಲ ವರ್ಷದ ಹುಡುಗ ಹುಡುಗಿಯರ ಜೊತೆ ಕೂಟದ ಹೊಸಬರ ತರಗತಿಯಲ್ಲಿ ಕೂತೆ. ಪಾಠ ನಡೆಸುತ್ತಿದ್ದವಳು ಕನ್ನಡಕದ ಒಬ್ಬ ಪುಟ್ಟ ಹುಡುಗಿ. ನನ್ನ ಸರದಿ ಬಂದಾಗ ಎದ್ದು ನಿಂತು ಹೆಸರು ಹೇಳಿದೆ, ಊರು ಹೇಳಿದೆ. ನಾಲಿಗೆ ಅಷ್ಟೇನೂ ತೊದಲಲಿಲ್ಲ. ಕೂರಬೇಕು ಅನ್ನುವಷ್ಟರಲ್ಲಿ ಅವಳು ಎಲ್ಲರಿಗೂ ಕೇಳಿದ ಹಾಗೆಯೇ ನನ್ನನ್ನೂ ಕೇಳಿದಳು: “ಮುಂದೆ ಏನಾಗ್ಬೇಕು ಅಂತಿದೀರಾ ಅಂಕಲ್?”

ನಿವೃತ್ತಿಯ ಅಂಚಿನಲ್ಲಿರುವವನಿಗೆ ಎಂಥ ಪ್ರಶ್ನೆ! ಆದರೆ ಯಾರೂ ನಗಲಿಲ್ಲ. ಇಪ್ಪತ್ತು ಎಳೆಯ ಮುಖಗಳು ನಾನು ಖಂಡಿತ ಏನೋ ಆಗಿಯೇ ತೀರುತ್ತೇನೆ ಎಂಬ ನಂಬಿಕೆಯಿಂದ ನನ್ನನ್ನೇ ನೋಡುತ್ತಿದ್ದವು. ಈ ಪ್ರಶ್ನೆಯನ್ನು ನನಗೆ ಇದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಿಂತಲ್ಲೇ ಯೋಚಿಸಿದೆ.

“ಪರ್ವಾಗಿಲ್ಲ ಅಂಕಲ್, ಕೂತ್ಕೊಳ್ಳಿ” ಎಂದಳು ಆ ಹುಡುಗಿ ಮೆತ್ತಗೆ. “ನಿಧಾನವಾಗಿ ಯೋಚ್ನೆ ಮಾಡಿ. ನಿಮಗಿನ್ನೂ ಟೈಮಿದೆ.”