ಇಂಚಿಗೆ ನಾಲ್ಕಡಿ ಅಡುಗೆಮನೆ

ನಾನು ಅನುಮಾನದ ಹೆಂಗಸಲ್ಲ. ಹಾಲಿನವನು ಅಳೆಯುವಾಗ ನೊರೆ ಇಳಿಯುವವರೆಗೆ ಕಾಯುತ್ತೇನೆ, ಚಿಲ್ಲರೆ ಆಮೇಲೆ ಕೊಡುತ್ತೇನೆಂದ ಕಂಡಕ್ಟರನ ಮೇಲೆ ಇಳಿಯುವ ತನಕ ಕಣ್ಣಿಟ್ಟಿರುತ್ತೇನೆ, ಅಷ್ಟೇ. ನಮ್ಮ ಯಜಮಾನರು ಪುಟ್ಟರಾಜು ಇದನ್ನು ಅನುಮಾನ ಎನ್ನುತ್ತಾರೆ. ನಾನು ಎಚ್ಚರಿಕೆ ಎನ್ನುತ್ತೇನೆ.

ನಾಗಮಂಗಲದ ಅಂಚಿನಲ್ಲಿ ನಮ್ಮದೊಂದು ಸೈಟಿದೆ. ಅಲ್ಲಿ ಮನೆ ಕಟ್ಟಲು ಯಜಮಾನರು ತಮ್ಮ ಪರಿಚಯದ ಎಂಜಿನಿಯರ್ ರಮೇಶನಿಗೆ ಹೇಳಿದರು. ಮೊದಲ ನಕ್ಷೆ ತಂದ ದಿನ ರಮೇಶ ವಿನಯದಿಂದಲೇ ವಿವರಿಸಿದ: "ಅಕ್ಕಾ, ಈ ಹಾಳೇಲಿ ಒಂದಿಂಚು ಅಂದ್ರೆ ನೆಲದ ಮೇಲೆ ನಾಲ್ಕಡಿ."

ಸ್ಕೇಲಿಟ್ಟು ನೋಡಿದೆ. ಅಡುಗೆಮನೆಯ ಉದ್ದ ಮೂರು ಇಂಚು. ಅಂದರೆ ಹನ್ನೆರಡು ಅಡಿ. ತೃಪ್ತಿಯಾಯಿತು.

ಸ್ವಲ್ಪ ದಿನಕ್ಕೆ ತಿದ್ದಿದ ನಕ್ಷೆ ಬಂತು. ಅದರ ಮೇಲೂ ಸ್ಕೇಲಿಟ್ಟೆ. ಎರಡೇ ಇಂಚು! ನಾಲ್ಕು ಅಡಿ ಅಡುಗೆಮನೆಯನ್ನು ಯಾರೋ ನುಂಗಿದ್ದರು! ಗೋಡೆಯ ಪಕ್ಕದಲ್ಲಿ ಇರುವೆ ಸಾಲಿನಂತೆ ಏನೋ ಅಂಕಿಗಳಿದ್ದವು. ನಾನು ಅವನ್ನು ಓದಲಿಲ್ಲ. ಬರೆದದ್ದನ್ನು ಯಾರು ಬೇಕಾದರೂ ಬರೆಯಬಹುದು. ಅಳೆದದ್ದೇ ಸತ್ಯ.

"ಏನ್ರೀ, ಅಡ್ಗೆಮನೆ ಚಿಕ್ಕದಾದಂಗದೆ?"

"ಇಲ್ವಲ್ಲ" ಎಂದು ಯಜಮಾನರು ಮುಸಿಮುಸಿ ನಕ್ಕರು.

ಗಂಡ ಕಾರಣವಿಲ್ಲದೆ ನಕ್ಕರೆ ಕಾರಣ ಇದೆ ಎಂದೇ ಅರ್ಥ. ಅವರಿಗೆ ಮೊದಲಿನಿಂದಲೂ ದೊಡ್ಡ ಹಾಲ್ ಬೇಕಿತ್ತು, ಸ್ನೇಹಿತರನ್ನು ಸಾಲಾಗಿ ಕೂರಿಸಿಕೊಂಡು ಕ್ರಿಕೆಟ್ ನೋಡಲು. ಗಂಡ ಮತ್ತು ಎಂಜಿನಿಯರು ಸೇರಿ ನಡೆಸಿದ ಈ ಪಿತೂರಿಯನ್ನು ಬಯಲಿಗೆಳೆಯಲೇಬೇಕೆಂದು ನಿರ್ಧರಿಸಿದೆ. ಮಹಿಳಾ ಸಂಘದ ಮೀಟಿಂಗೆಂದು ಮನೆಯಲ್ಲಿ ಹೇಳಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ನಕ್ಷೆ ಬರೆಯುವ ಕ್ಲಾಸಿಗೆ ಸೇರಿಬಿಟ್ಟೆ!

ಕಲಿಸುತ್ತಿದ್ದವಳು ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಚೈತ್ರಾ ಎಂಬ ಹುಡುಗಿ. ಮೊದಲ ಪಾಠದಲ್ಲೇ ಕೇಳಿದಳು: "ಆಂಟಿ, ಅಡೀಲಿ ಬರೀತೀರೋ ಮಿಲಿಮೀಟರ್‌ನಲ್ಲೋ? ಮೊದ್ಲು ಅದನ್ನ ಹೇಳಿ ಕಂಪ್ಯೂಟರ್‌ಗೆ."

"ಯಾಕೆ, ಅದಕ್ಕೆ ಗೊತ್ತಾಗಕಿಲ್ವಾ?"

"ನೀವು ಹನ್ನೆರಡು ಅಂದ್ರೆ ಅದು ಬರೀ ಹನ್ನೆರಡು ಅಂತ ತಿಳ್ಕತದೆ. ಹನ್ನೆರಡು ಏನು ಅಂತ ನೀವೇ ಹೇಳ್ಬೇಕು."

ಹೇಳಿದೆ. ಅಡಿ. ಹನ್ನೆರಡಡಿ ಉದ್ದ, ಹತ್ತಡಿ ಅಗಲದ ಅಡುಗೆಮನೆ ಬರೆದೆ. ಮನಸ್ಸು ತುಂಬಿ ಬಂತು. ಆಗ ಮೌಸಿನ ಚಕ್ರಕ್ಕೆ ಬೆರಳು ತಾಗಿತು. ನೋಡನೋಡುತ್ತಿದ್ದಂತೆ ಅಡುಗೆಮನೆ ಬೆಂಕಿಪೊಟ್ಟಣದಷ್ಟಾಯಿತು, ಸಾಸಿವೆ ಕಾಳಿನಷ್ಟಾಯಿತು, ಮಾಯವಾಯಿತು!

"ನೋಡು ಚೈತ್ರಾ! ಇಂಗೇ ನನ್ನ ಅಡ್ಗೆಮನೆ ನುಂಗಿರೋದು ಆ ಎಂಜಿನಿಯರು!"

"ಅಯ್ಯೋ ಆಂಟಿ, ಅದು ಜೂಮು. ಬಸ್ಸು ದೂರ ಹೋಯ್ತಾ ಹೋಯ್ತಾ ಚಿಕ್ಕದಾಗಿ ಕಾಣಕಿಲ್ವಾ? ಅಂಗಂತ ಒಳಗಿರೋ ಜನ ಕುಗ್ಗೋಯ್ತಾರಾ? ಗೋಡೆ ಹನ್ನೆರಡಡೀಲೇ ಅದೆ."

ತಲೆಯಾಡಿಸಿದೆ. ಆದರೆ ನಂಬಲಿಲ್ಲ. ಚಕ್ರ ತಿರುಗಿಸಿದರೆ ಕುಗ್ಗುವ ಗೋಡೆಯನ್ನು ಯಾರು ನಂಬುತ್ತಾರೆ?

ಇನ್ನೊಂದು ದಿನ ಅಡುಗೆಮನೆಗೆ ಫ್ರಿಜ್ಜು ಇಡುವ ಪಾಠ. ರೆಡಿಯಾಗಿದ್ದ ಫ್ರಿಜ್ಜಿನ ಚಿತ್ರವೊಂದನ್ನು ತಂದು ಮೂಲೆಯಲ್ಲಿಟ್ಟೆ. ಮನೆಯೇ ಕಾಣದಂತಾಯಿತು! ಆ ಫ್ರಿಜ್ಜಿನಲ್ಲಿ ನಮ್ಮ ಮನೆಯನ್ನಷ್ಟೇ ಅಲ್ಲ, ನಾಗಮಂಗಲದ ಬಸ್ ಸ್ಟ್ಯಾಂಡನ್ನೂ ಬಸ್ಸುಗಳ ಸಮೇತ ಕೆಡದಂತೆ ಇಡಬಹುದಿತ್ತು. ಚೈತ್ರಾ ನಗುತ್ತಾ ಹೇಳಿದಳು: "ಆ ಫ್ರಿಜ್ಜು ಮಿಲಿಮೀಟರ್‌ನಲ್ಲಿ ಬರ್ದಿರೋದು ಆಂಟಿ. ಆರ್ನೂರು ಮಿಲಿಮೀಟರ್ ಇರೋದನ್ನ ನಿಮ್ಮನೇಲಿ ಆರ್ನೂರು ಅಡಿ ಅಂದ್ಕೊಂಡದೆ."

ನನಗಂತೂ ಆ ಕಂಪ್ಯೂಟರನ್ನು ರಮೇಶ ಮೊದಲೇ ಬಂದು ಮಾತಾಡಿಸಿ ಹೋಗಿದ್ದಾನೆ ಎನ್ನಿಸಿತು.

ಆದ್ದರಿಂದ ಪ್ರಿಂಟು ತೆಗೆಯುವ ದಿನ ಎರಡು ಮುನ್ನೆಚ್ಚರಿಕೆ ವಹಿಸಿದೆ. ಅಡುಗೆಮನೆ ಕುಗ್ಗಬಾರದೆಂದು ಪರದೆಯ ತುಂಬ ಅದೊಂದೇ ಕಾಣುವಂತೆ ಜೂಮು ಮಾಡಿ, ಕಂಡದ್ದನ್ನು ಕಂಡಂತೆಯೇ ಹಾಳೆ ತುಂಬ ಪ್ರಿಂಟು ಹಾಕಿದೆ. ಇನ್ನೊಂದು, ಗೋಡೆಗಳ ಪಕ್ಕ ಅಳತೆ ಬರೆಯಲೇ ಇಲ್ಲ.

"ಅಳತೆ ಬರೀರಿ ಆಂಟಿ" ಎಂದಳು ಚೈತ್ರಾ.

"ಬರೆದ್ರೆ ಅವರು ತಿದ್ದುಬುಡ್ತಾರೆ ಕಣವ್ವ."

ಪಾಯಕ್ಕೆ ಗುರುತು ಹಾಕುವ ದಿನ ಬಂತು. ರಮೇಶ ಪಾಂಡವಪುರದ ಕೆಲಸ ಮುಗಿಸಿ ಬರುವುದು ತಡವಾಗಿತ್ತು. ಯಜಮಾನರು ಆಫೀಸಿನಲ್ಲಿದ್ದರು. ಇದಕ್ಕಿಂತ ಶುಭಮುಹೂರ್ತ ಉಂಟೇ! ಮೇಸ್ತ್ರಿ ಮಲ್ಲೇಶನ ಮುಂದೆ ನನ್ನ ಹಾಳೆ ಬಿಚ್ಚಿ, ಸ್ಕೇಲಿಟ್ಟೆ. ಎಂಟು ಇಂಚು. ಇಂಚಿಗೆ ನಾಲ್ಕಡಿ. ಮೂವತ್ತೆರಡು ಅಡಿ!

ಹನ್ನೆರಡು ಎಂದು ನಾನೇ ಬರೆದ ನೆನಪು ಒಂದು ಕ್ಷಣ ಬಂತು. ಆದರೆ ನೆನಪನ್ನೆಲ್ಲ ನಂಬುವವಳೇ ನಾನು? ಅಳೆದದ್ದೇ ಸತ್ಯ.

"ಮೂವತ್ತೆರಡಡಿ ಹಾಕು ಮಲ್ಲೇಶ."

"ಅಕ್ಕಾ, ಬೇಲಿ ದಾಟ್ತದೆ."

"ಎಂಜಿನಿಯರು ಇಂಗೇ ಹೇಳು ಅಂತ ಹೇಳ್ಕೊಟ್ಟವ್ನಾ?"

ಪಾಪ, ಅವನು ಸುಣ್ಣದ ಪುಡಿ ಉದುರಿಸುತ್ತಾ ಹೋದ. ಗೆರೆ ನಮ್ಮ ಸೈಟನ್ನು ದಾಟಿತು. ಬೇಲಿಯ ಸಂದಿನಲ್ಲಿ ನುಸುಳಿತು. ಪಕ್ಕದ ಬೋರೇಗೌಡರ ತೋಟದೊಳಗೆ ಹೋಗಿ, ಫಲ ಬಿಟ್ಟ ಒಂದು ತೆಂಗಿನ ಮರವನ್ನು ಸುತ್ತಿಕೊಂಡು ವಾಪಸು ಬಂತು.

ಬೋರೇಗೌಡರು ಟವೆಲ್ಲು ಕೊಡವಿಕೊಂಡು ಓಡಿಬಂದರು.

"ಏನ್ ಕಣವ್ವಾ ಸುನಂದಾ! ನನ್ನ ತೆಂಗಿನ ಮರ ನಿನ್ನ ಅಡ್ಗೆಮನೆ ಒಳಗೆ ನಿಂತದಲ್ಲ! ಚಟ್ನಿಗೆ ಅಲ್ಲೇ ಕಿತ್ಕೊಳನಾ ಅಂತ್ಲಾ? ನೀನು ಕಟ್ತಿರೋದು ಅಡ್ಗೆಮನೆನೋ ಕಲ್ಯಾಣ ಮಂಟಪನೋ?"

"ನಕ್ಷೇಲಿ ಅಂಗೇ ಅದೆ ಗೌಡ್ರೇ."

"ನಕ್ಷೇಲಿ ಇದ್ಬುಟ್ರೆ? ನಾಳೆ ನನ್ನ ಮನೇನೂ ಬರ್ಕೊಂಡ್ ಬತ್ತೀಯ! ಸರ್ವೇರನ್ನ ಕರೆಸ್ತೀನಿ, ಪೊಲೀಸ್ನೋರ್ನೂ ಕರೆಸ್ತೀನಿ!"

ಜನ ಸೇರಿದರು. ಇಷ್ಟು ವರ್ಷ ಎಳನೀರು ಕೊಟ್ಟ ಗೌಡರು ನನ್ನನ್ನು ಭೂಗಳ್ಳಿಯಂತೆ ನೋಡುತ್ತಿದ್ದರು. ಅನುಮಾನ ಪಡುವುದು ಸುಲಭ, ಪಡಿಸಿಕೊಳ್ಳುವುದು ಬಲು ಕಷ್ಟ!

ಅಷ್ಟರಲ್ಲಿ ಯಜಮಾನರೂ ರಮೇಶನೂ ಒಂದೇ ಬೈಕಿನಲ್ಲಿ ಬಂದಿಳಿದರು. ರಮೇಶ ನನ್ನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕಾ, ಇದ್ಕೆ ಸ್ಕೇಲೇ ಇಲ್ಲ. ಹಾಳೆ ತುಂಬ್ಲಿ ಅಂತ ಹಿಗ್ಗಿಸಿದ್ದೀರ. ಇಂಚಿಗೆ ನಾಲ್ಕಡಿ ಅಂದಿದ್ದು ನನ್ನ ಮೊದ್ಲನೇ ಹಾಳೆಗೆ ಮಾತ್ರ."

"ಅಂಗಾದ್ರೆ ಎರಡನೇದ್ರಲ್ಲಿ ನಾಲ್ಕಡಿ ಯಾಕ್ ಕದ್ದೆ?"

ಅವನು ತನ್ನ ಎರಡೂ ನಕ್ಷೆಗಳನ್ನು ಬೈಕಿನ ಸೀಟಿನ ಮೇಲೆ ಹರಡಿದ. "ಎರಡನೇದು ಚಿಕ್ಕ ಹಾಳೇಲಿ ತೆಗೆದೆ, ಚಿತ್ರ ಕುಗ್ತು. ಅಡ್ಗೆಮನೆ ಕುಗ್ಗಿಲ್ಲ. ಈ ಅಂಕಿ ಓದಿ ಅಕ್ಕಾ."

ಆ ಇರುವೆ ಸಾಲನ್ನು ಮೊದಲ ಬಾರಿಗೆ ಓದಿದೆ. ಮೊದಲ ನಕ್ಷೆಯಲ್ಲಿ ಹನ್ನೆರಡು ಅಡಿ. ಎರಡನೆಯದರಲ್ಲಿ ಹದಿಮೂರು!

"ಒಂದಡಿ ಎಲ್ಲಿಂದ ಬಂತು?"

"ಅಣ್ಣ ಹಾಲ್‌ನಲ್ಲಿ ಒಂದಡಿ ಬಿಟ್ಕೊಟ್ರು. ಅಕ್ಕಂಗೆ ಹೇಳ್ಬೇಡ, ಕಟ್ಟಿದ್ಮೇಲೆ ಗೊತ್ತಾಗ್ಲಿ ಅಂದ್ರು."

ಯಜಮಾನರು ತೆಂಗಿನ ಮರದ ಕಡೆ ನೋಡುತ್ತಾ ನಿಂತಿದ್ದರು. ಈ ಸಲ ನಗಲಿಲ್ಲ. ನನಗೆ ಸುಣ್ಣದ ಪುಡಿಯಲ್ಲೇ ಹುದುಗಿಹೋಗೋಣ ಎನ್ನಿಸಿತು. ಮಲ್ಲೇಶನ ಕೈಯಿಂದ ಪೊರಕೆ ಇಸಿದುಕೊಂಡು, ಗೌಡರ ತೋಟದೊಳಗಿನ ಗೆರೆಯನ್ನು ನಾನೇ ಗುಡಿಸಿದೆ.

"ಇನ್ನೂ ಆ ಕಡೆ ಸ್ವಲ್ಪ ಅದೆ ಕಣವ್ವಾ" ಎಂದು ಗೌಡರು ಕೊನೆಯವರೆಗೂ ಕಾವಲು ನಿಂತರು. ಮರುವಾರವೇ ಬೇಲಿ ತೆಗೆಸಿ ಕಲ್ಲಿನ ಕಾಂಪೌಂಡು ಹಾಕಿಸಿದರು. ಅವರ ಎಚ್ಚರಿಕೆಯನ್ನು ನಾನು ಅನುಮಾನ ಎನ್ನಲಾರೆ.

ಮನೆ ಎದ್ದಿತು. ಗೃಹಪ್ರವೇಶದ ಬೆಳಿಗ್ಗೆ, ನೆಂಟರು ಬರುವ ಮೊದಲು, ಸುಮ್ಮನೆ ಮನಸ್ಸಮಾಧಾನಕ್ಕೆಂದು ಟೇಪು ಹಿಡಿದು ಅಡುಗೆಮನೆ ಅಳೆದೆ. ಹದಿಮೂರು ಅಡಿಗೆ ಎರಡು ಇಂಚು ಕಡಿಮೆ!

"ಏನ್ರೀ! ಬನ್ನಿ ಇಲ್ಲಿ! ಎರಡಿಂಚು ಎಲ್ಲಿ ಹೋಯ್ತು?"

ಯಜಮಾನರು ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಬಂದು, ಟೇಪು ನೋಡಿದರು, ನನ್ನ ಮುಖ ನೋಡಿದರು.

"ಗೋಡೆಗೆ ಗಾರೆ ಮೆತ್ತಿ ಟೈಲ್ಸು ಅಂಟ್ಸವ್ರಲ್ಲಮ್ಮಿ, ಅದಕ್ಕೊಂದು ದಪ್ಪ ಬ್ಯಾಡ್ವಾ?"

ಗಂಡನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲರ ಮೇಲೂ ಅನುಮಾನ ಪಟ್ಟಿದ್ದೆ. ಗಾರೆಯ ಮೇಲೆ ಮಾತ್ರ ಬಂದಿರಲೇ ಇಲ್ಲ!